ಪರೀಕ್ಷಿಸದೆ ಕೊಟ್ಟ ತೀರ್ಪು

ಬೈಲಹೊಂಗಲದ ಅರಳೆ ಪೇಟೆಯಲ್ಲಿ ದಲಾಲರ ಲೆಕ್ಕ ಬರೆಯುವ ಮೇಜಿನ ಮೇಲಾಗಲಿ, ಬನದ ಹುಣ್ಣಿಮೆಯ ಜಾತ್ರೆಗೆ ಭಿತ್ತಿಪತ್ರಗಳನ್ನು ಜೋಡಿಸಿಕೊಡುವ ಸವದತ್ತಿಯ ಮುದ್ರಣಾಲಯದಲ್ಲಾಗಲಿ, ರೈತರಿಗೆ ಉತಾರಗಳನ್ನು ತೆಗೆದುಕೊಡುವ ಕಿತ್ತೂರಿನ ಅಂಗಡಿಯಲ್ಲಾಗಲಿ, ರಾಮದುರ್ಗದ ಪತ್ತಿನ ಸಂಘದ ಕಚೇರಿಯಲ್ಲಾಗಲಿ, ಹತ್ತು ಹನ್ನೆರಡು ವರ್ಷ ತಪ್ಪದೆ ದುಡಿದ ಡೆಸ್ಕ್‌ಟಾಪ್ ಗಣಕಯಂತ್ರವೊಂದು ನಿಧಾನವಾಯಿತೆಂದು ಅದರ ಯಜಮಾನನು ಯಾರನ್ನಾದರೂ ಕೇಳಿದನೆಂದರೆ, ಅವನಿಗೆ ನಾಲ್ಕೂ ಊರುಗಳಲ್ಲಿ ದೊರೆಯುವ ಉತ್ತರ ಒಂದೇ: “ಇದು ಭಾಳ ಹಳೇ ಮಾಲ ಆತ್ರೀ, ಇದಕ್ಕ ರೊಕ್ಕಾ ಹಾಕಬ್ಯಾಡ್ರಿ, ಹೊಸಾದ ತಗೊಂಡಬಿಡ್ರಿ.” ಈ ಮಾತನ್ನು ಆಡಿದವರು ಯಂತ್ರದ ಮುಚ್ಚಳವನ್ನು ತೆಗೆದಿರುವುದಿಲ್ಲ, ಒಳಗಿರುವ ಮದರ್‌ಬೋರ್ಡಿನ ಹೆಸರನ್ನು ಓದಿರುವುದಿಲ್ಲ, ಅದರಲ್ಲಿ ಈಗಿರುವ ಪ್ರೊಸೆಸರಿಗಿಂತ ಮೇಲಾದುದು ಅದೇ ಬೋರ್ಡಿನಲ್ಲಿ ನಡೆಯಬಲ್ಲುದೇ ಎಂಬ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಂಡಿರುವುದೂ ಇಲ್ಲ. ಯಂತ್ರದ ವಯಸ್ಸನ್ನು ಕೇಳಿದ ಮಾತ್ರಕ್ಕೆ ತೀರ್ಪು ಹೊರಬೀಳುತ್ತದೆ, ಮತ್ತು ಈ ತೀರ್ಪು ಇಂದು ನಮ್ಮ ಸೀಮೆಯಲ್ಲಿ ಲೋಕವಿವೇಕವೆಂಬ ಪದವಿಯನ್ನು ಪಡೆದುಬಿಟ್ಟಿದೆ. ಅದು ವಿವೇಕವಲ್ಲವೆಂದೂ, ನೋಡಿ ತಿಳಿಯಬಹುದಾದುದನ್ನು ನೋಡದೆ ಬಿಡುವ ಆಲಸ್ಯವೆಂದೂ, ಆ ಆಲಸ್ಯದ ದಂಡವನ್ನು ತೆರುವವರು ತೆರುವ ಶಕ್ತಿ ಅತ್ಯಲ್ಪವಾಗಿರುವ ಜನರೇ ಎಂದೂ ತೋರಿಸುವುದು ಈ ಲೇಖನದ ಉದ್ದೇಶ.

ಪೂರ್ವಪಕ್ಷವನ್ನು ಮೊದಲು ಅದರ ಪೂರ್ಣಬಲದೊಡನೆ ಮಂಡಿಸುವುದು ನ್ಯಾಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಸಾಮಾನ್ಯವಾಗಿ ಒದಗಿಸುತ್ತಿದ್ದ ಭದ್ರತಾ ತಿದ್ದುಪಡಿಗಳು 2025ರ ಅಕ್ಟೋಬರ್ 14ಕ್ಕೆ ಮುಗಿದುವು. ಅದರ ಮುಂದಿನ ವಿಂಡೋಸ್ 11, ಬೆರಳೆಣಿಕೆಯ ಅಪವಾದಗಳನ್ನು ಬಿಟ್ಟರೆ, ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ ಅದು ಬೇಡುತ್ತದೆ. ಹಳೆಯ ಪ್ರೊಸೆಸರುಗಳ ತಯಾರಿಕೆ ನಿಂತು ಬಹುಕಾಲವಾಯಿತಾದ್ದರಿಂದ ದೊರೆಯುವುದೆಲ್ಲವೂ ಒಬ್ಬರು ಬಳಸಿ ಬಿಟ್ಟ ಮಾಲು. ದುರಸ್ತಿಗಾರನು ಅರ್ಧ ದಿನ ಕುಳಿತು ಹೊಂದಿಕೆಯನ್ನು ಹುಡುಕಿದರೆ ಆ ಶ್ರಮಕ್ಕೆ ಕೂಲಿ ಕೊಡುವವರು ವಿರಳ; ಹೊಸ ಯಂತ್ರವನ್ನು ಮಾರಿದರೆ ಲಾಭವೂ ಉಂಟು, ವಾರಂಟಿಯ ಕಾಗದವೂ ಉಂಟು, ನಾಳೆ ಕೆಟ್ಟರೆ ಬೈಗುಳ ಕೇಳುವ ಭಯವೂ ಇಲ್ಲ. ಈ ಕಾರಣಗಳಲ್ಲಿ ಒಂದೂ ಸುಳ್ಳಲ್ಲ, ಮತ್ತು ಇವನ್ನು ಹೇಳುವ ನಮ್ಮ ಅಂಗಡಿಕಾರರನ್ನು ವಂಚಕರೆಂದು ಕರೆಯುವ ಇಚ್ಛೆ ನನಗೆ ಲೇಶಮಾತ್ರವೂ ಇಲ್ಲ. ಅವರಲ್ಲಿ ಬಹುಮಂದಿ ತಾವು ನಂಬಿದುದನ್ನೇ ಹೇಳುತ್ತಿದ್ದಾರೆ. ಆದರೆ ಇವೆಲ್ಲವೂ ಪರೀಕ್ಷೆ ಮುಗಿದ ಬಳಿಕ ತಕ್ಕಡಿಯಲ್ಲಿ ಇಡತಕ್ಕ ಕಾರಣಗಳು. ಪರೀಕ್ಷೆಯನ್ನೇ ಕೈಬಿಡುವುದಕ್ಕೆ ಇವು ಆಧಾರವಾಗಲಾರವು.

ಪರೀಕ್ಷೆಯಲ್ಲಿ ಮೊದಲನೆಯದು ಪ್ರೊಸೆಸರಿಗೆ ಸಂಬಂಧಿಸಿದ್ದೇ ಅಲ್ಲ. ಯಂತ್ರವು ನಿಧಾನವಾಗಿದ್ದಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಂಡು, ಪ್ರೊಸೆಸರ್ ಎಷ್ಟು ದುಡಿಯುತ್ತಿದೆ, ರ್‍ಯಾಮ್ ಎಷ್ಟು ತುಂಬಿದೆ, ಹಾರ್ಡ್‌ಡಿಸ್ಕ್ ಎಷ್ಟು ಏದುಸಿರು ಬಿಡುತ್ತಿದೆ ಎಂಬುದನ್ನು ಶೇಕಡಾವಾರು ತೋರಿಸುತ್ತದೆ. ನಮ್ಮ ಕಡೆಯ ಕಚೇರಿಗಳ ಹಳೆಯ ಯಂತ್ರಗಳಲ್ಲಿ ಅನೇಕವು ತಿರುಗುವ ತಟ್ಟೆಯ ಹಾರ್ಡ್‌ಡಿಸ್ಕನ್ನೂ ಎರಡೋ ನಾಲ್ಕೋ ಜಿಬಿ ರ್‍ಯಾಮನ್ನೂ ಇಟ್ಟುಕೊಂಡಿರುವುದರಿಂದ, ಡಿಸ್ಕು ನೂರಕ್ಕೆ ನೂರು ದುಡಿಯುತ್ತ ಪ್ರೊಸೆಸರು ಕೈಕಟ್ಟಿ ಕುಳಿತಿರುವ ದೃಶ್ಯವೇ ಅಲ್ಲಿ ಹೆಚ್ಚಾಗಿ ಕಾಣುವುದು. ಅಂಥಲ್ಲಿ ಒಂದು ಎಸ್‌ಎಸ್‌ಡಿಯನ್ನು ಹಾಕಿ ರ್‍ಯಾಮನ್ನು ಎಂಟು ಜಿಬಿಗೆ ಏರಿಸಿದರೆ, ಪ್ರೊಸೆಸರನ್ನು ಮುಟ್ಟದೆಯೇ ಬೇನೆಯ ಬಹುಭಾಗ ಕಳೆಯುತ್ತದೆ. ನಿರಪರಾಧಿಯಾದ ಪ್ರೊಸೆಸರಿನ ಮೇಲೆ ದೋಷವನ್ನು ಹೊರಿಸಿ ಇಡೀ ಯಂತ್ರವನ್ನು ಗುಜರಿಗೆ ಕಳುಹಿಸುವ ತೀರ್ಪು ಎಷ್ಟು ಅನ್ಯಾಯದ್ದೆಂಬುದು ಈ ಒಂದು ನೋಟದಿಂದಲೇ ತಿಳಿಯುವುದು.

ಪ್ರೊಸೆಸರೇ ದುರ್ಬಲವಾಗಿದೆಯೆಂದು ಸಿದ್ಧಪಟ್ಟಾಗ ಮಾತ್ರ ಎರಡನೆಯ ಪ್ರಶ್ನೆ ಹುಟ್ಟುತ್ತದೆ: ಈ ಬೋರ್ಡು ಇದಕ್ಕಿಂತ ಮೇಲಾದ ಯಾವುದನ್ನು ಹೊರಬಲ್ಲುದು? ಇಲ್ಲಿ ತುಸು ಇತಿಹಾಸವನ್ನು ಹೇಳದೆ ಗತಿಯಿಲ್ಲ, ಏಕೆಂದರೆ ಈ ಇತಿಹಾಸವನ್ನು ಅರಿಯದಿರುವುದೇ ನಾನು ಖಂಡಿಸುತ್ತಿರುವ ಅಭಿಪ್ರಾಯದ ಬೇರು. ಇಂಟೆಲ್ ಸಂಸ್ಥೆಯು 2004ರಲ್ಲಿ ಎಲ್‌ಜಿಎ 775 ಎಂಬ ಸಾಕೆಟ್ಟನ್ನು, ಎಂದರೆ ಬೋರ್ಡಿನಲ್ಲಿ ಪ್ರೊಸೆಸರು ಕೂರುವ ಆಸನವನ್ನು, ತಂದಿತು. ಪೆಂಟಿಯಂ 4ರಿಂದ ಕೋರ್ 2 ಕ್ವಾಡ್‌ವರೆಗಿನ ಪ್ರೊಸೆಸರುಗಳು ಅದರಲ್ಲಿ ಕುಳಿತುವು. 2011ರಲ್ಲಿ ಎಲ್‌ಜಿಎ 1155 ಬಂದು ಕೋರ್ ಸರಣಿಯ ಎರಡನೆಯ ತಲೆಮಾರಿಗೂ, ಮರುವರ್ಷ ಮೂರನೆಯದಕ್ಕೂ ಆಸನವಾಯಿತು. 2013ರಲ್ಲಿ ಎಲ್‌ಜಿಎ 1150 ನಾಲ್ಕನೆಯ ತಲೆಮಾರನ್ನು ಹೊತ್ತಿತು. 2015ರಲ್ಲಿ ಎಲ್‌ಜಿಎ 1151 ಆರನೆಯದನ್ನೂ, 2017ರ ಮೊದಲಲ್ಲಿ ಏಳನೆಯದನ್ನೂ ಹೊತ್ತಿತು. ನಮ್ಮ ತಾಲ್ಲೂಕುಗಳ ಮೇಜುಗಳ ಕೆಳಗೆ ಇಂದು ಧೂಳು ತಿನ್ನುತ್ತಿರುವ ಯಂತ್ರಗಳು ಬಹುಮಟ್ಟಿಗೆ ಈ ಕಾಲದ ಸಂತತಿ; ಅವುಗಳಲ್ಲಿಯೂ ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಎಚ್61 ಎಂಬ ಚಿಪ್‌ಸೆಟ್ಟಿನ, ಎರಡೇ ರ್‍ಯಾಮ್ ಸ್ಲಾಟುಗಳ, ಅಗ್ಗದ ಬೋರ್ಡು ಭಾರತದ ಸಣ್ಣ ಊರುಗಳಲ್ಲಿ ವಿಶೇಷವಾಗಿ ಹರಡಿದ್ದಿತು.

ಆ ಎಚ್61 ಬೋರ್ಡನ್ನೇ ಉದಾಹರಣೆಗೆ ತೆಗೆದುಕೊಳ್ಳಿರಿ. ಅದರಲ್ಲಿ ಕೊಳ್ಳುವಾಗ ಹಾಕಿಸಿದ್ದು ಕೋರ್ ಐ3-2100 ಎಂದಿರಲಿ: ಎರಡು ಕೋರ್, ನಾಲ್ಕು ಥ್ರೆಡ್, 3.1 ಗಿಗಾಹರ್ಟ್ಸ್ ವೇಗ, 65 ವ್ಯಾಟ್ ಶಾಖಮಿತಿ. ಅದೇ ಸಾಕೆಟ್ಟಿನ ಮೂರನೆಯ ತಲೆಮಾರಿನಲ್ಲಿ ಕೋರ್ ಐ7-3770 ಎಂಬುದಿದೆ: ನಾಲ್ಕು ಕೋರ್, ಎಂಟು ಥ್ರೆಡ್, 3.4 ಗಿಗಾಹರ್ಟ್ಸಿನಿಂದ 3.9ರವರೆಗೆ ಏರುವ ವೇಗ, 77 ವ್ಯಾಟ್ ಶಾಖಮಿತಿ. ಅಂದರೆ, ಶಾಖವು ಹನ್ನೆರಡು ವ್ಯಾಟಿನಷ್ಟು ಮಾತ್ರ ಹೆಚ್ಚಿ ಕೋರುಗಳು ಇಮ್ಮಡಿಯಾಗುತ್ತವೆ. ಬೋರ್ಡು, ರ್‍ಯಾಮ್, ಕ್ಯಾಬಿನೆಟ್, ಮಾನಿಟರ್, ಒಳಗೆ ಇಟ್ಟಿರುವ ವರ್ಷಗಳ ಲೆಕ್ಕಪತ್ರ ಯಾವುದನ್ನೂ ಕದಲಿಸದೆ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಯಲ್ಲಿ ಬಳಸಿದ ಮಾಲಾಗಿ ಸಿಗುವ ಒಂದು ಅಂಗೈಗಿಂತ ಚಿಕ್ಕದಾದ ವಸ್ತುವಿನಿಂದ ಇಷ್ಟು ಸಾಧ್ಯವಾಗುವುದಾದರೆ, “ಇದಕ್ಕ ಏನೂ ಆಗೂದಿಲ್ಲ” ಎಂಬ ಮಾತು ಯಾವ ಪ್ರಮಾಣದ ಮೇಲೆ ನಿಂತಿದೆ? ಇಂಥ ಬೋರ್ಡಿನ ಯಜಮಾನರು ಅದರ ಶಕ್ತಿಯ ಅರ್ಧವನ್ನೂ ಬಳಸದೆ ಅದನ್ನು ಮುದಿಯೆಂದು ಹೊರಹಾಕುತ್ತಿದ್ದಾರೆ. ಅದು ಎಷ್ಟನ್ನು ಕೊಡಬಲ್ಲುದೆಂದು ಅವರಿಗೆ ಹೇಳಿದವರೇ ಇಲ್ಲ.

ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ ಸೀರೆ ನೇಯುವ ನೇಕಾರನು ಹಾಸಿನ ಎಳೆಗಳ ಲೆಕ್ಕ ನೋಡದೆ ಹಣಿಗೆಯನ್ನು ಕೊಳ್ಳುವುದಿಲ್ಲ; ಹಣಿಗೆ ಸವೆಯಿತೆಂದು ಮಗ್ಗವನ್ನು ಒಲೆಗೆ ಹಾಕುವುದೂ ಇಲ್ಲ. ಅವನ ಈ ಎರಡು ನಡೆಗಳಲ್ಲಿ ಎರಡನೆಯದನ್ನು ನಮ್ಮವರು ಮರೆತಿರುವುದನ್ನು ಇಲ್ಲಿಯವರೆಗೆ ಹೇಳಿದೆನು. ಮೊದಲನೆಯದನ್ನು ಮರೆತವರೂ ಉಂಟು, ಮತ್ತು ಅವರು ಮಾಡುವ ಹಾನಿ ಕಡಿಮೆಯದಲ್ಲ. ಹೊಸದನ್ನು ಕೊಳ್ಳಲೊಲ್ಲದ ಉತ್ಸಾಹಿ ತರುಣರು, ಚಲಚ್ಚಿತ್ರದಂತೆ ಓಡುವ ಒಂದೆರಡು ವಿಡಿಯೋಗಳನ್ನು ನೋಡಿ, “ಸಾಕೆಟ್ ಒಂದ ಐತಲ್ಲ, ಕುಂತರ ನಡೀತೈತಿ” ಎಂದು ಧೈರ್ಯ ಹೇಳಿ, ಹೊಂದದ ಪ್ರೊಸೆಸರನ್ನು ತರಿಸಿ, ಪರದೆ ಕಪ್ಪಾಗಿಯೇ ಉಳಿದಾಗ ಅಂಗಡಿಕಾರನ ಹಳೆಯ ಮಾತಿಗೆ ಹೊಸ ಸಾಕ್ಷಿಯನ್ನು ಒದಗಿಸಿಕೊಡುತ್ತಾರೆ. ಒಂದು ಪಕ್ಷವು ನೋಡದೆಯೇ ಇಲ್ಲವೆನ್ನುತ್ತದೆ, ಇನ್ನೊಂದು ನೋಡದೆಯೇ ಉಂಟೆನ್ನುತ್ತದೆ. ಬೋರ್ಡಿನ ಹೆಸರನ್ನು ಓದದಿರುವುದು ಇಬ್ಬರಿಗೂ ಸಮಾನವಾದ ಗುಣ. ಹಳೆಯ ಯಂತ್ರದ ಪರವಾಗಿ ವಾದಿಸುವವನಾದ ನಾನು ಈ ಎರಡನೆಯವರನ್ನು ನನ್ನ ಪಕ್ಷದವರೆಂದು ಎಣಿಸಲಾರೆ.

ಸಾಕೆಟ್ಟು ಒಂದೇ ಆದರೆ ಸಾಲದೆಂಬುದಕ್ಕೆ ಇಂಟೆಲ್ ಸಂಸ್ಥೆಯೇ ಅತ್ಯಂತ ಸ್ಪಷ್ಟವಾದ ದೃಷ್ಟಾಂತವನ್ನು ಕೊಟ್ಟಿದೆ. 2017ರ ಅಕ್ಟೋಬರಿನಲ್ಲಿ ಬಂದ ಎಂಟನೆಯ ತಲೆಮಾರಿನ ಪ್ರೊಸೆಸರುಗಳು ಹಿಂದಿನ ಎರಡು ತಲೆಮಾರುಗಳಂತೆಯೇ ಎಲ್‌ಜಿಎ 1151 ಸಾಕೆಟ್ಟಿನವು. ಸ್ಪರ್ಶಬಿಂದುಗಳ ಸಂಖ್ಯೆಯೂ ಒಂದೇ. ಆದರೆ ವಿದ್ಯುತ್ತನ್ನು ಒದಗಿಸುವ ಬಿಂದುಗಳ ಹಂಚಿಕೆ ಬದಲಾಗಿರುವುದರಿಂದ 300 ಸರಣಿಯ ಚಿಪ್‌ಸೆಟ್ಟಿಲ್ಲದೆ, ಎಚ್110ರಂಥ ಹಳೆಯ ಬೋರ್ಡಿನಲ್ಲಿ, ಅವು ನಡೆಯುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದ ದೃಷ್ಟಾಂತ ಎಲ್‌ಜಿಎ 1155ರಲ್ಲಿಯೇ ಉಂಟು. ಎಚ್61 ಬೋರ್ಡು ತಕ್ಕ ಬಯಾಸ್, ಎಂದರೆ ಪ್ರೊಸೆಸರನ್ನು ಏಳಿಸುವ ಬೋರ್ಡಿನ ಪ್ರೋಗ್ರಾಮು, ಇದ್ದರೆ ಮೂರನೆಯ ತಲೆಮಾರನ್ನು ಸ್ವೀಕರಿಸುತ್ತದೆ. ಅದೇ ಕಾಲದಲ್ಲಿ ದೊಡ್ಡ ಕಚೇರಿಗಳಿಗಾಗಿ ಮಾಡಿದ ಕ್ಯೂ65, ಕ್ಯೂ67, ಬಿ65 ಚಿಪ್‌ಸೆಟ್ಟುಗಳಿಗೆ ಇಂಟೆಲ್ ಆ ಬೆಂಬಲವನ್ನು ಅಧಿಕೃತವಾಗಿ ಕೊಡಲೇ ಇಲ್ಲ. ಬ್ಯಾಂಕುಗಳೂ ಕಂಪನಿಗಳೂ ಹರಾಜು ಹಾಕಿದ ಯಂತ್ರಗಳನ್ನು ಹುಬ್ಬಳ್ಳಿ, ಬೆಳಗಾವಿಗಳಿಂದ ತಂದು ಇಟ್ಟುಕೊಂಡವರು ತಮ್ಮ ಬೋರ್ಡು ಹೆಚ್ಚು ಬೆಲೆಯದಾದ್ದರಿಂದ ಹೆಚ್ಚು ಶಕ್ತವೆಂದು ಭಾವಿಸುವುದು ಸಹಜ. ಈ ಒಂದು ವಿಷಯದಲ್ಲಿ ಅಗ್ಗದ ಬೋರ್ಡೇ ಉದಾರವಾಗಿದೆ. ಎಲ್‌ಜಿಎ 1150ರ ಕಥೆಯೂ ಇಂಥದೇ: ನಾಲ್ಕನೆಯ ತಲೆಮಾರಿಗೆ ಎಚ್81 ಸಾಕು, ಅದೇ ಸಾಕೆಟ್ಟಿನ ಐದನೆಯದಕ್ಕೆ 9 ಸರಣಿಯ ಚಿಪ್‌ಸೆಟ್ಟು ಬೇಕು.

ಎಎಂಡಿ ಸಂಸ್ಥೆಯು ಈ ವಿಷಯದಲ್ಲಿ ಗ್ರಾಹಕರೊಡನೆ ಹೆಚ್ಚು ಸೌಜನ್ಯದಿಂದ ನಡೆದುಕೊಂಡಿತೆಂದು ಹೇಳಲೇಬೇಕು. 2017ರಲ್ಲಿ ಮೊದಲನೆಯ ರೈಜೆನ್‌ಗಳೊಡನೆ ಪ್ರಸಿದ್ಧಿಗೆ ಬಂದ ಎಎಂ4 ಸಾಕೆಟ್ಟಿನ ಎಷ್ಟೋ ಬೋರ್ಡುಗಳಿಗೆ, ಎ320ಯಂಥ ಕೆಳದರ್ಜೆಯವುಗಳಿಗೂ, 2022ರಲ್ಲಿ ರೈಜೆನ್ 5000 ಸರಣಿಯವರೆಗೆ ಬಯಾಸ್ ಬೆಂಬಲ ದೊರೆಯಿತು. ಐದು ವರ್ಷದ ಬಳಿಕವೂ ಹೊಸ ಪ್ರೊಸೆಸರನ್ನು ಕೂಡಿಸಬಹುದಾದ ಅಗ್ಗದ ಬೋರ್ಡು! ಆದರೆ ಅಲ್ಲಿಯೂ ಕಣ್ಣು ಮುಚ್ಚಿ ನಡೆಯುವಂತಿಲ್ಲ: ಬಯಾಸ್ ಚಿಪ್ಪಿನಲ್ಲಿ ಸ್ಥಳ ಸಾಲದೆ ಹೊಸ ಪ್ರೊಸೆಸರುಗಳಿಗೆ ಎಡೆಮಾಡಲು ಕೆಲವು ಬೋರ್ಡುಗಳ ಬಯಾಸಿನಿಂದ ಅತಿ ಹಳೆಯ ಪ್ರೊಸೆಸರುಗಳ ಬೆಂಬಲವನ್ನು ತೆಗೆದುಹಾಕಿದ್ದಾರೆ, ಆ ಹಳೆಯದನ್ನೇ ಇಟ್ಟುಕೊಂಡು ಬಯಾಸ್ ಏರಿಸಿದವನ ಯಂತ್ರ ಮರಳಿ ಏಳದು.

ಬಯಾಸಿನ ಮಾತು ಬಂದುದರಿಂದ ಅದನ್ನು ಇಲ್ಲಿಯೇ ಪೂರೈಸುತ್ತೇನೆ, ಏಕೆಂದರೆ ನಮ್ಮ ಸೀಮೆಯಲ್ಲಿ ಹೆಚ್ಚಿನ ಅನಾಹುತಗಳು ನಡೆಯುವುದು ಈ ಸ್ಥಳದಲ್ಲಿ. ಬೋರ್ಡಿನ ಮೇಲಿನ ಒಂದು ಸಣ್ಣ ಚಿಪ್ಪಿನಲ್ಲಿರುವ ಈ ಪ್ರೋಗ್ರಾಮು ತನಗೆ ಪರಿಚಯವಿಲ್ಲದ ಪ್ರೊಸೆಸರನ್ನು ಏಳಿಸುವುದಿಲ್ಲ; ಆದುದರಿಂದ ಹಳೆಯ ಪ್ರೊಸೆಸರು ಇನ್ನೂ ತನ್ನ ಸ್ಥಾನದಲ್ಲಿರುವಾಗಲೇ ಬಯಾಸನ್ನು ಬೇಕಾದ ಆವೃತ್ತಿಗೆ ಏರಿಸಿಕೊಂಡು, ಅನಂತರ ಹೊಸದನ್ನು ಕೂಡಿಸಬೇಕು. ಮೊದಲು ಪ್ರೊಸೆಸರನ್ನು ಬದಲಿಸಿದವನಿಗೆ ಬಯಾಸನ್ನು ಏರಿಸುವ ದಾರಿಯೇ ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. ಏರಿಸುವ ಆ ಕೆಲವು ನಿಮಿಷಗಳಲ್ಲಿ ವಿದ್ಯುತ್ತು ಹೋದರೆ ಚಿಪ್ಪಿನ ಬರವಣಿಗೆ ಅರ್ಧಕ್ಕೆ ನಿಂತು ಬೋರ್ಡು ಸತ್ತಂತಾಗಬಹುದು. ಹೆಸ್ಕಾಂನ ವಿದ್ಯುತ್ತು ಬೇಸಿಗೆಯ ಮಧ್ಯಾಹ್ನ ಯಾವ ಕ್ಷಣಕ್ಕೆ ಹೋಗುವುದೆಂದು ಹೇಳಲಾಗದ ಊರುಗಳಲ್ಲಿ, ಬ್ಯಾಟರಿ ಗಟ್ಟಿಯಾಗಿರುವ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕುವುದು ಸಾಹಸವಲ್ಲ, ಅಪರಾಧ. ಯಾವ ಪ್ರೊಸೆಸರಿಗೆ ಯಾವ ಆವೃತ್ತಿಯ ಬಯಾಸು ಬೇಕೆಂಬುದನ್ನು ಹೆಸರಾಂತ ಬೋರ್ಡು ತಯಾರಕರೆಲ್ಲರೂ ಒಂದೊಂದು ಮಾದರಿಗೂ ಪಟ್ಟಿ ಮಾಡಿ ಪ್ರಕಟಿಸಿದ್ದಾರೆ. ಪ್ರೊಸೆಸರಿನ ಹೆಸರು, ಅದರ ಶಾಖಮಿತಿ, ಅದಕ್ಕೆ ಬೇಕಾದ ಕನಿಷ್ಠ ಬಯಾಸ್ ಆವೃತ್ತಿ, ಇಷ್ಟೂ ಆ ಪಟ್ಟಿಯ ಒಂದು ಸಾಲಿನಲ್ಲಿರುತ್ತದೆ. ಓದಲು ಯಾರ ಅಪ್ಪಣೆಯೂ ಬೇಡ, ಒಂದು ಕಾಸಿನ ಖರ್ಚೂ ಇಲ್ಲ. ನಮ್ಮ ದೇಶದಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಕೇಂದ್ರ ಸರಕಾರವು 2022ರಲ್ಲಿ ಸಮಿತಿಯನ್ನೇ ನೇಮಿಸಿತು. ತಯಾರಕರು ಮಾಹಿತಿಯನ್ನು ಬಚ್ಚಿಡುತ್ತಾರೆಂಬುದು ಆ ಚರ್ಚೆಯಲ್ಲಿ ಮುಖ್ಯವಾದ ದೂರು. ಇಲ್ಲಿ ಬಚ್ಚಿಡದೆ ಕೊಟ್ಟಿರುವ ಮಾಹಿತಿಯನ್ನೇ ನಾವು ಓದುತ್ತಿಲ್ಲ.

ಓದುವುದಕ್ಕೆ ಬೇಕಾದ ಬೋರ್ಡಿನ ಹೆಸರನ್ನು ತಿಳಿಯುವುದು ಕಷ್ಟವೇ? ವಿಂಡೋಸಿನ ರನ್ ಪೆಟ್ಟಿಗೆಯಲ್ಲಿ ಎಂಎಸ್ಇನ್ಫೋ32 ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದರೆ ಪ್ರೊಸೆಸರು, ಬೋರ್ಡಿನ ತಯಾರಕ ಹಾಗೂ ಮಾದರಿ, ಬಯಾಸಿನ ಆವೃತ್ತಿ ಮತ್ತು ತಾರೀಖು ಎಲ್ಲವೂ ಒಂದೇ ಪರದೆಯಲ್ಲಿ ಬರುತ್ತವೆ. ಯಂತ್ರ ಏಳದಿದ್ದರೆ ಮುಚ್ಚಳ ತೆಗೆದು ನೋಡಬಹುದು. ಮಾದರಿಯ ಹೆಸರನ್ನು ಸ್ಲಾಟುಗಳ ನಡುವೆ ದಪ್ಪ ಅಕ್ಷರಗಳಲ್ಲಿ ಬೋರ್ಡಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ಹೆಸರಿಲ್ಲದ ತಯಾರಕರ ಬೋರ್ಡುಗಳಿಗೆ ಮಾತ್ರ ಇಂಥ ಪಟ್ಟಿ ಸಿಗುವುದು ದುರ್ಲಭ. ಎಚ್61 ಎಂಬ ಹೆಸರಿನಲ್ಲಿ ಈಚೆಗೆ ಮಾರಾಟವಾಗುತ್ತಿರುವ ಅಂಥ ಬೋರ್ಡುಗಳ ವಿಷಯದಲ್ಲಿ, ಪ್ರೊಸೆಸರನ್ನು ಮಾರುವವನೇ ಆ ಬೋರ್ಡಿನಲ್ಲಿ ಹಾಕಿ ತೋರಿಸಿದ ಮೇಲೆ ರೊಕ್ಕ ಕೊಡುವುದು ಒಳ್ಳೆಯದು.

ಉಳಿದ ಪರೀಕ್ಷೆಗಳು ಸಂಕ್ಷೇಪವಾದುವು. ಶಾಖಮಿತಿ ಏರಿದರೆ ಹಳೆಯ ಫ್ಯಾನು ಅದನ್ನು ತಾಳುವುದೇ, ಬೋರ್ಡಿನ ವಿದ್ಯುನ್ನಿಯಂತ್ರಕ ಭಾಗಗಳು ಅದನ್ನು ಪೂರೈಸುವುವೇ ಎಂದು ನೋಡಬೇಕು. ಪಟ್ಟಿಯಲ್ಲಿ ಆ ಪ್ರೊಸೆಸರಿನ ಹೆಸರಿದ್ದರೆ ಎರಡನೆಯದಕ್ಕೆ ಉತ್ತರ ದೊರೆತಂತೆಯೇ, ಮೊದಲನೆಯದಕ್ಕೆ ಹೊಸ ಥರ್ಮಲ್ ಪೇಸ್ಟನ್ನಂತೂ ಹಚ್ಚಲೇಬೇಕು. ಪರದೆಯ ಚಿತ್ರವನ್ನು ಪ್ರೊಸೆಸರೇ ಕೊಡುತ್ತಿದ್ದ ಯಂತ್ರದಲ್ಲಿ ಆ ಸಾಮರ್ಥ್ಯವಿಲ್ಲದ ಪ್ರೊಸೆಸರನ್ನು ಹಾಕಿದರೆ ಎಲ್ಲವೂ ಹೊಂದಿದ್ದರೂ ಪರದೆ ಕಪ್ಪಾಗಿಯೇ ಇರುತ್ತದೆ: ರೈಜೆನ್ 3 2200ಜಿ ಇದ್ದ ಬೋರ್ಡಿಗೆ ರೈಜೆನ್ 5 3600 ಹಾಕಿದವನಿಗೂ, ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಎಂಬ ಅಕ್ಷರವಿರುವುದನ್ನು ತಂದವನಿಗೂ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಬೇಕಾಗುತ್ತದೆ. ಎಲ್‌ಜಿಎ ಸಾಕೆಟ್ಟುಗಳಲ್ಲಿ ಸೂಜಿಗಳಿರುವುದು ಬೋರ್ಡಿನಲ್ಲಿ. ಒಂದು ಬಾಗಿದರೆ ಹೋಯಿತು, ಆದ್ದರಿಂದ ಕೈ ನಿಧಾನವಾಗಿರಬೇಕು.

ಇನ್ನು ಪೂರ್ವಪಕ್ಷದ ಮುಖ್ಯಾಸ್ತ್ರವಾದ ವಿಂಡೋಸ್ 11ರ ಪ್ರಶ್ನೆ. ಎಚ್61 ಬೋರ್ಡಿನಲ್ಲಿ ಎಷ್ಟೇ ಮೇಲಾದ ಪ್ರೊಸೆಸರನ್ನು ಕೂಡಿಸಿದರೂ ಅದು ವಿಂಡೋಸ್ 11ಕ್ಕೆ ಅಧಿಕೃತವಾಗಿ ಅರ್ಹವಾಗುವುದಿಲ್ಲವೆಂಬುದನ್ನು ನಾನು ಮರೆಮಾಚಲಾರೆ. ಯಾರಾದರೂ ಆ ಆಸೆಯಿಂದ ಪ್ರೊಸೆಸರನ್ನು ಬದಲಿಸುವುದಾದರೆ ಅವರನ್ನು ತಡೆಯುವವರಲ್ಲಿ ನಾನೂ ಒಬ್ಬ. ಆದರೆ ಇದರಿಂದ ಯಂತ್ರವೇ ನಿರರ್ಥಕವಾಯಿತೆಂಬ ನಿಗಮನ ಹೇಗೆ ಹೊರಡುತ್ತದೆ? ಈ ಯಂತ್ರಗಳು ನಮ್ಮಲ್ಲಿ ಮಾಡುತ್ತಿರುವ ಕೆಲಸವನ್ನು ನೋಡಬೇಕು. ಮದುವೆಯ ಲಗ್ನಪತ್ರಿಕೆ, ಕಿತ್ತೂರು ಉತ್ಸವದ ಕರಪತ್ರ, ಸಂಘದ ವಾರ್ಷಿಕ ವರದಿ ಇವನ್ನು ಜೋಡಿಸುವ ನಮ್ಮ ಸಣ್ಣ ಮುದ್ರಣಾಲಯಗಳಲ್ಲಿ ಇಂದಿಗೂ ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರನ್ನು ಬಿಡದವರಿದ್ದಾರೆ. ಅದರ ಕಡೆಯ ಆವೃತ್ತಿಯಾದ 7.0 ಹೊರಬಂದುದು 2001ರಲ್ಲಿ. ಇಂಥ ಕೆಲಸಕ್ಕೆ ಜಾಲದ ಸಂಪರ್ಕವೇ ಬೇಡ. ಸಂಪರ್ಕವನ್ನು ಕಿತ್ತು ಇಟ್ಟ ಯಂತ್ರದಲ್ಲಿ ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರಗಳು ಮೊದಲಿನಂತೆಯೇ ಮೂಡುತ್ತವೆ, ಭದ್ರತಾ ತಿದ್ದುಪಡಿಯಿಲ್ಲದ ಅಪಾಯವೂ ಬಹುಮಟ್ಟಿಗೆ ತಪ್ಪುತ್ತದೆ.

ಜಾಲವಿಲ್ಲದೆ ನಡೆಯದ ಕೆಲಸಗಳಿಗೆ ವಿಂಡೋಸಿನ ಬದಲಿಗೆ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಇದೆ. ಅದು ಪಂಡಿತರ ವಸ್ತು, ನಮ್ಮಂಥವರಿಗಲ್ಲ ಎಂಬ ಭೀತಿಗೆ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೇ ಉತ್ತರ. ಕೇರಳ ಸರಕಾರವು ತನ್ನ ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶವನ್ನೇ ನೆಲೆಗೊಳಿಸಿರುವುದರಿಂದ, ಅಲ್ಲಿಯ ಕನ್ನಡದ ಮಕ್ಕಳು ಲಿನಕ್ಸಿನ ಒಂದು ರೂಪವಾದ ಉಬುಂಟುವಿನ ಮೇಲೆ ಕಟ್ಟಿದ ವ್ಯವಸ್ಥೆಯಲ್ಲಿಯೇ ಗಣಕಪಾಠವನ್ನು ಕಲಿಯುತ್ತಿದ್ದಾರೆ. ಹನ್ನೆರಡು ವರ್ಷದ ಮಗು ಕಲಿಯಬಲ್ಲುದನ್ನು ಬೈಲಹೊಂಗಲದ ಗುಮಾಸ್ತನು ಕಲಿಯಲಾರನೆಂದು ಹೇಳುವುದು ಆ ಗುಮಾಸ್ತನಿಗೆ ಮಾಡುವ ಅಪಮಾನ. ಯೂನಿಕೋಡ್ ಕನ್ನಡ ಲಿನಕ್ಸಿನಲ್ಲಿ ಸುಸ್ಥಿತಿಯಲ್ಲಿದೆ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿಯೇ ಅಲ್ಲಿಯೂ ಬೆರಳಾಡಿಸಬಹುದು. ಸರಕಾರಿ ಸೇವೆಗಳ ಬೆರಳಚ್ಚಿನ ಉಪಕರಣ ಮೊದಲಾದುವು ವಿಂಡೋಸನ್ನೇ ಬೇಡುವಲ್ಲಿ ಮಾತ್ರ ಹೊಸ ಯಂತ್ರ ಅನಿವಾರ್ಯ. ಅಂಥ ಒಂದು ಮೇಜಿಗೆ ಅದನ್ನು ಕೊಳ್ಳಲಿ, ಉಳಿದ ನಾಲ್ಕು ಮೇಜುಗಳ ಯಂತ್ರಗಳನ್ನು ಅದರೊಡನೆ ಹೊರಹಾಕುವುದೇಕೆ?

ಎಲ್ಲ ಹಳೆಯ ಯಂತ್ರಗಳೂ ಉಳಿಸಲು ಯೋಗ್ಯವೆಂದು ನಾನು ಹೇಳುತ್ತಿಲ್ಲ. ಎಲ್‌ಜಿಎ 775ರ ಕಾಲದ, ಡಿಡಿಆರ್2 ರ್‍ಯಾಮಿನ, ಪೆಂಟಿಯಂ 4 ಹೊತ್ತಿರುವ ಯಂತ್ರವು ಶಾಖವನ್ನು ಬಹಳ ಕೊಟ್ಟು ಕೆಲಸವನ್ನು ಅಲ್ಪ ಕೊಡುತ್ತದೆ. ಅದಕ್ಕೆ ರೊಕ್ಕ ಹಾಕಬೇಡಿರೆಂದು ನಾನೂ ಹೇಳುವೆನು. ಪ್ರೊಸೆಸರು ಸ್ವತಃ ಕೆಡುವುದು ಅಪರೂಪವಾದರೂ ಅದನ್ನು ಹೊತ್ತ ಬೋರ್ಡಿನ ಕೆಪಾಸಿಟರುಗಳು ಮುಪ್ಪಿನಲ್ಲಿ ತಲೆಯುಬ್ಬಿ ಸೋರುತ್ತವೆ. ಅಂಥ ಬೋರ್ಡಿಗೆ ಹೊಸ ಪ್ರೊಸೆಸರನ್ನು ತರುವುದು ವ್ಯರ್ಥ. ದೊಡ್ಡ ಕಂಪನಿಗಳ ಮುದ್ರೆಯೊಡನೆ ಬರುವ ಕಚೇರಿಯ ಯಂತ್ರಗಳಲ್ಲಿ ವಿದ್ಯುತ್ ಪೆಟ್ಟಿಗೆಯೂ ಬೋರ್ಡೂ ಅವರವರದೇ ಅಳತೆಯವಾಗಿರುವುದುಂಟು. ಮುಂದೆ ಒಂದು ಕೆಟ್ಟರೆ ಬದಲಿಗೆ ಪೇಟೆಯ ಸಾಮಾನು ಒಗ್ಗದೆ ಹೋಗಬಹುದೆಂಬುದನ್ನು ಮೊದಲೇ ಎಣಿಸಿಕೊಳ್ಳಬೇಕು. ಆದರೆ ಈ ನಿರಾಕರಣೆಗಳೂ ನೋಡಿದ ಮೇಲೆ ಬಂದುವು ಎಂಬುದನ್ನು ಓದುಗರು ಗಮನಿಸಬೇಕೆಂದು ಬೇಡುತ್ತೇನೆ. ಉಬ್ಬಿದ ಕೆಪಾಸಿಟರನ್ನು ತೋರಿಸಿ ಇದು ಬೇಡವೆನ್ನುವ ದುರಸ್ತಿಗಾರನಿಗೆ ನಾನು ಕೈಮುಗಿಯುತ್ತೇನೆ. ವರ್ಷವನ್ನು ಕೇಳಿ ಬೇಡವೆನ್ನುವವನೊಡನೆ ಮಾತ್ರ ನನ್ನ ಜಗಳ.

ಈ ಜಗಳ ಸಣ್ಣ ವಿಷಯದ್ದೆಂದು ಎಣಿಸುವವರಿಗೆ ಒಂದೆರಡು ಮಾತು. ಹೊರಹಾಕಿದ ಯಂತ್ರ ಎಲ್ಲಿಗೆ ಹೋಗುತ್ತದೆ? ವಿದ್ಯುನ್ಮಾನ ತ್ಯಾಜ್ಯವನ್ನು ಕುರಿತ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಜಾರಿಯಲ್ಲಿವೆ. ನೋಂದಾಯಿತ ಸಂಸ್ಥೆಗಳೇ ಅದನ್ನು ಸಂಸ್ಕರಿಸಬೇಕೆಂಬುದು ಅವುಗಳ ಆಶಯ. ತಾಲ್ಲೂಕಿನ ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟ ಬೋರ್ಡು ಅಲ್ಲಿಯವರೆಗೆ ತಲುಪುವುದೆಂದು ಯಾರೂ ಪ್ರಮಾಣ ಮಾಡಲಾರರು. ತಾಮ್ರಕ್ಕಾಗಿ ತಂತಿಯನ್ನು ಬಯಲಿನಲ್ಲಿ ಸುಡುವ ಹೊಗೆಯಲ್ಲಿಯೂ, ಬೆಸುಗೆಯ ಸೀಸ ಸೇರುವ ಮಣ್ಣಿನಲ್ಲಿಯೂ ಉಳಿಯುವ ವಿಷವು ಮಲಪ್ರಭೆಯ ನೀರನ್ನೇ ಕುಡಿಯುವ ನಮ್ಮ ಪಾಲಿಗೆ ದೂರದ ಸಂಗತಿಯಲ್ಲ. ಖರ್ಚಿನ ಮಾತಂತೂ ಇನ್ನೂ ಸಮೀಪದ್ದು. ಪ್ರೌಢಶಾಲೆಯೊಂದು ತನ್ನ ಕೋಣೆಯ ಹತ್ತು ಯಂತ್ರಗಳನ್ನು ಹಳೆಯವೆಂದು ಬರೆದುಹಾಕಿ, ಹೊಸವಕ್ಕೆ ಹಣ ಬರುವವರೆಗೆ ಕೋಣೆಗೆ ಬೀಗ ಹಾಕುತ್ತದೆಯೆಂದಿಟ್ಟುಕೊಳ್ಳಿರಿ. ಆ ಬೀಗದ ಹೊರಗೆ ನಿಂತು ಕಳೆದ ವರ್ಷವನ್ನು ಆ ಮಕ್ಕಳಿಗೆ ಮರಳಿ ಕೊಡುವವರು ಯಾರು? ಆ ಕೋಣೆಯ ಯಂತ್ರಗಳಲ್ಲಿ ಎಷ್ಟು ಏಳಬಲ್ಲುವೆಂದು ಒಂದು ಮಧ್ಯಾಹ್ನ ಕುಳಿತು ನೋಡಿದವರಿದ್ದರೆ ಬೀಗ ಬೀಳುತ್ತಲೇ ಇರಲಿಲ್ಲ.

ಆದುದರಿಂದ ನಾನು ಕೇಳುವುದು ಇಷ್ಟು. ಡೆಸ್ಕ್‌ಟಾಪನ್ನು ಜೋಡಿಸಿ ಮಾರುವ ನಮ್ಮ ಅಂಗಡಿಗಳವರು ಬಿಲ್ಲಿನ ಮೇಲೆ ಪ್ರೊಸೆಸರಿನ ಹೆಸರೊಂದನ್ನೇ ಬರೆಯದೆ, ಬೋರ್ಡಿನ ತಯಾರಕ ಮತ್ತು ಮಾದರಿ, ಚಿಪ್‌ಸೆಟ್, ಆ ದಿನ ಅದರಲ್ಲಿದ್ದ ಬಯಾಸ್ ಆವೃತ್ತಿ, ವಿದ್ಯುತ್ ಪೆಟ್ಟಿಗೆಯ ವ್ಯಾಟ್ ಇವನ್ನೂ ಬರೆದುಕೊಡಲಿ. ಕೊಳ್ಳುವವರು ಬರೆಯಿಸಿಕೊಳ್ಳದೆ ರೊಕ್ಕ ಎಣಿಸದಿರಲಿ. ದುರಸ್ತಿಗಾರನು ಹೊಂದಿಕೆಯನ್ನು ಹುಡುಕಿಕೊಡುವ ಕೆಲಸಕ್ಕೆ ನಿಶ್ಚಿತವಾದ ಕೂಲಿಯನ್ನು ಕೇಳಲಿ, ನಾವು ಮನಃಪೂರ್ವಕವಾಗಿ ಕೊಡೋಣ. ಉಚಿತವಾಗಿ ದೊರೆಯುವ ಸಲಹೆಯು ಮಾರಾಟದ ಲಾಭದ ಕಡೆಗೇ ವಾಲುವುದರಲ್ಲಿ ನಮ್ಮ ಜಿಪುಣತನದ ಪಾಲೂ ಇದೆ. ಐಟಿಐ, ಪಾಲಿಟೆಕ್ನಿಕ್‌ಗಳ ವಿದ್ಯಾರ್ಥಿಗಳಿಗೆ ಊರಿನ ಶಾಲೆಯ ಒಂದೊಂದು ಯಂತ್ರವನ್ನು ಪರೀಕ್ಷಿಸಿ, ಇದು ಏಳುವುದು, ಇದು ಏಳದು, ಕಾರಣ ಇಂಥದು ಎಂದು ಬರೆದುಕೊಡುವುದನ್ನೇ ಪ್ರಾಯೋಗಿಕ ಪಾಠವಾಗಿ ಕೊಡಬಹುದು. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಒಪ್ಪಿತು. ಅದರಂತೆ ಹಳ್ಳಿಯ ಸಂಘಗಳಿಗೆ ಬಂದ ಯಂತ್ರಗಳು ಇಂದು ಹೊಸವು. ಹತ್ತು ವರ್ಷಗಳ ಬಳಿಕ ಅವುಗಳ ಮುಂದೆಯೂ ಯಾರೋ ನಿಂತು ಹಳೇ ಮಾಲೆಂದು ಹೇಳುವರು. ಆ ದಿನ ಸಂಘದ ಕಾರ್ಯದರ್ಶಿಯು ತೆರೆದು ತೋರಿಸಲು ದಾಸ್ತಾನು ಪುಸ್ತಕದಲ್ಲಿ ಬೋರ್ಡು, ಚಿಪ್‌ಸೆಟ್, ಬಯಾಸ್ ಎಂಬ ಮೂರು ಅಂಕಣಗಳನ್ನು ಗೆರೆಯೆಳೆದು ತುಂಬಿಡುವುದಕ್ಕೆ ಈಗ ಯಾವ ಅಡ್ಡಿಯೂ ಇಲ್ಲ.